ಕೊನೆಗೆ ಪುಸ್ತಕಗಳ ಪಟ್ಟಿ ಕೊಟ್ಟಿದ್ದೇನಲ್ಲ, ಇನ್ನೇನು ಬೇಕು?

ಪ್ರಶ್ನೆ: ನಾನು ಗಂಗಾವತಿಯವನು. ಇತಿಹಾಸ ಎಂ.ಎ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಅಶೋಕನ ಶಾಸನಗಳ ಬಗ್ಗೆ ಕನ್ನಡದಲ್ಲಿ ಕಿರುಪ್ರಬಂಧ ಬರೆದೆ. 80 ಪುಟ ಆಯಿತು. ಸಾಫ್ಟ್‌ವೇರ್‌ನಲ್ಲಿ ಶೇ. 34 ಹೋಲಿಕೆ ಬಂದಿದೆ ಎಂದು ಗೈಡ್ ವಾಪಸ್ ಕೊಟ್ಟಿದ್ದಾರೆ. ಕೊನೆಯಲ್ಲಿ 42 ಪುಸ್ತಕಗಳ ಹೆಸರು ಹಾಕಿದ್ದೇನೆ. ಏನನ್ನೂ ಮುಚ್ಚಿಟ್ಟಿಲ್ಲ. ಆದರೂ ಇದು ಕೃತಿಚೌರ್ಯ ಅಂದರೆ ಹೇಗೆ? ಕನ್ನಡದಲ್ಲಿ ಉಲ್ಲೇಖ ಬರೆಯೋದಕ್ಕೆ ಒಂದು ಸರಿಯಾದ ಕ್ರಮ ಅಂತ ಇದೆಯಾ? ತುಂಬಾ ಬೇಜಾರಾಗಿದೆ.

ಉತ್ತರ: ಮೊದಲು ಆ 34ರ ಭಯ ಬಿಡಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ಕೃತಿಚೌರ್ಯದ ಬಗ್ಗೆ ನಿಯಮಾವಳಿ ತಂದಿದೆ. ಅದರ ಪ್ರಕಾರ ಶೇ. 10ರವರೆಗೆ ಹೋಲಿಕೆ ಇದ್ದರೆ ಶಿಕ್ಷೆ ಏನೂ ಇಲ್ಲ. 10 ದಾಟಿ 40ರೊಳಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಅದಕ್ಕೆ ಗರಿಷ್ಠ ಆರು ತಿಂಗಳ ಅವಧಿ ಕೊಡಬಹುದು. 40 ದಾಟಿದರೆ ಒಂದು ವರ್ಷ ಸಲ್ಲಿಸುವ ಹಾಗೇ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ನೀವು ಎರಡನೇ ಗುಂಪಿನಲ್ಲಿದ್ದೀರಿ. ಅಂದರೆ ತಿದ್ದುವ ಅವಕಾಶ ಇದೆ. ನಿಮ್ಮ ಗೈಡ್ ಅದನ್ನು ಹಾಗೇ ಮುಂದಕ್ಕೆ ಕಳಿಸದೆ ವಾಪಸ್ ಕೊಟ್ಟದ್ದು ನಿಮಗೆ ಮಾಡಿದ ಉಪಕಾರ.

ಇನ್ನೊಂದು ಮಾತು. ಆ ವರದಿಯನ್ನು ಪೂರ್ತಿ ತೆರೆದು ನೋಡಿದ್ದೀರಾ? ಬರೀ ಅಂಕಿ ನೋಡಿ ಕಂಗಾಲಾಗುವವರೇ ಜಾಸ್ತಿ. ಉದ್ಧರಣ ಚಿಹ್ನೆಯೊಳಗೆ ಆಕರ ಹೇಳಿ ಕೊಟ್ಟ ಮಾತು, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಇವನ್ನೆಲ್ಲ ಲೆಕ್ಕದಿಂದ ಹೊರಗಿಡಬೇಕು ಎಂದು ಅದೇ ನಿಯಮ ಹೇಳುತ್ತದೆ. ಕೆಲವು ಸಲ ಆ ಸೆಟ್ಟಿಂಗ್ ಹಾಕಿರುವುದಿಲ್ಲ. ಹಾಕಿ ನೋಡಿದರೆ 34 ಇದ್ದದ್ದು ಇಳಿಯಬಹುದು. ಆದರೆ ಸೆಟ್ಟಿಂಗ್ ಬದಲಿಸಿ ಅಂಕಿ ಇಳಿಸುವುದೇ ಕೆಲಸ ಅಂದುಕೊಳ್ಳಬೇಡಿ. ಬಣ್ಣ ಬಳಿದ ಒಂದೊಂದು ಸಾಲನ್ನೂ ನೋಡಿ, ಅದು ಎಲ್ಲಿಂದ ಬಂತು ಎಂದು ನಿಮಗೆ ನೀವೇ ಹೇಳಿಕೊಳ್ಳಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕೊನೆಯಲ್ಲಿ 42 ಹೆಸರು ಕೊಟ್ಟಿದ್ದೀರಿ, ನಿಜ. ನಮ್ಮ ಊರಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪು ಮಾಡಿಕೊಳ್ಳಿ. ಅದರಲ್ಲಿ ಕೊನೆಯ ಹಾಳೆಯಲ್ಲಿ 42 ಜನರ ಹೆಸರು ಮಾತ್ರ ಇದೆ, ಯಾರು ಯಾವ ದಿನ ಏನು ಒಯ್ದರು ಅಂತ ಬರೆದೇ ಇಲ್ಲ ಅನ್ನಿ. ಆ ಪುಸ್ತಕದಿಂದ ಏನು ಉಪಯೋಗ? ನಿಮ್ಮ ಪಟ್ಟಿಯೂ ಹಾಗೇ. 23ನೇ ಪುಟದ ಮೂರನೇ ಸಾಲು ಯಾರದು, ನಿಮ್ಮದಾ ಅವರದಾ, ಅವರದಾದರೆ ಅವರ ಯಾವ ಪುಟದ್ದು? ಇದಕ್ಕೆ ಪಟ್ಟಿಯಲ್ಲಿ ಉತ್ತರ ಇಲ್ಲ. ಉಲ್ಲೇಖ ಅಂದರೆ ಆ ಸಾಲಿನ ಪಕ್ಕದಲ್ಲೇ ನಿಂತು ಹೇಳುವ ಮಾತು. ಪಟ್ಟಿ ಅದರ ವಿಳಾಸ ಅಷ್ಟೇ. ಎರಡೂ ಬೇಕು.

ಇದನ್ನು ಮರ್ಯಾದೆಯ ಪ್ರಶ್ನೆ, ಕಳ್ಳತನದ ಪ್ರಶ್ನೆ ಅಂತ ಮಾತ್ರ ನಮ್ಮಲ್ಲಿ ಹೇಳಿಕೊಡುತ್ತಾರೆ. ನನಗೆ ಅದು ಸಾಲದು ಅನ್ನಿಸುತ್ತದೆ. ಉಲ್ಲೇಖ ಇಲ್ಲದೆ ಬರೆದರೆ ವಿಷಯವೇ ತಪ್ಪಾಗುತ್ತದೆ. ನಿಮ್ಮ ಶಾಸನಗಳನ್ನೇ ತೆಗೆದುಕೊಳ್ಳೋಣ.

ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನವನ್ನು 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಗುರುತಿಸಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೊರೆಯ ಬಿರುದುಗಳು ಮಾತ್ರ ಇದ್ದವು, ದೇವಾನಂಪಿಯ, ಪಿಯದಸಿ ಅಂತ. ಆ ದೊರೆಯದೇ ಶಾಸನಗಳಲ್ಲಿ ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಹಾಗಾಗಿ ಆ ಕಾಲದ ಪುಸ್ತಕಗಳು "ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿಯದು" ಎಂಬ ಅರ್ಥದ ಮಾತು ಹೇಳಿದರೆ ಅದು ಆಗ ಸರಿ. ಆಮೇಲೆ 1950ರ ದಶಕದಲ್ಲಿ ಮಧ್ಯಪ್ರದೇಶದ ಗುಜರ್ರಾದಲ್ಲಿ ಅದೇ ಹೆಸರು ಸಿಕ್ಕಿತು. 1970ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೊಳದಲ್ಲೂ ಸಿಕ್ಕಿತು. ಈಗ ಹೇಳಿ, ಹಳೆಯ ಪುಸ್ತಕದ ಸಾಲನ್ನು ವರ್ಷ ಹಾಕದೆ ನಿಮ್ಮ ಮಾತಿನಂತೆ 2020ರ ದಶಕದಲ್ಲಿ ಬರೆದರೆ ಏನಾಯಿತು? ಅವರು ಬರೆದಾಗ ಸತ್ಯ, ನೀವು ಬರೆದಾಗ ಸುಳ್ಳು. ಆವರಣದಲ್ಲಿ ವರ್ಷ ಇದ್ದಿದ್ದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತಿತ್ತು. ನಿಮಗೂ ಬರೆಯುವಾಗ ಅನುಮಾನ ಬರುತ್ತಿತ್ತು.

ಇದೇ ಥರದ ಇನ್ನೊಂದು ಬಲೆ ನಿಮ್ಮ ವಿಷಯದೊಳಗೇ ಇದೆ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚೆ ಅದು ರಾಯಚೂರು ಜಿಲ್ಲೆಯೊಳಗಿತ್ತು. ಹಾಗಾಗಿ ಹಳೆಯ ಪುಸ್ತಕ "ರಾಯಚೂರು ಜಿಲ್ಲೆಯಲ್ಲಿ ಮೂರು ಅಶೋಕನ ಶಾಸನಗಳಿವೆ" ಅಂದರೆ ಅದು ಮಸ್ಕಿ, ಗವಿಮಠ, ಪಾಲ್ಕಿಗುಂಡು ಮೂರನ್ನೂ ಸೇರಿಸಿದ ಲೆಕ್ಕ. ಈಗ ಮಸ್ಕಿ ಮಾತ್ರ ರಾಯಚೂರಿನದು. ಮಿಕ್ಕ ಎರಡು ಕೊಪ್ಪಳದವು. ಹಳೆಯ ಸಾಲನ್ನು ಹಾಗೇ ಎತ್ತಿ ಹಾಕಿ, ಮೇಲೆ ಕೊಪ್ಪಳದಲ್ಲಿ ಎರಡು ಅಂತಲೂ ಬರೆದರೆ ಒಟ್ಟು ಐದಾಗಿಬಿಡುತ್ತದೆ! ನಾನು ತಿದ್ದಿದ ಪ್ರಬಂಧಗಳಲ್ಲಿ ಇಂಥ ಲೆಕ್ಕ ಕಂಡಿದ್ದೇನೆ.

ಬಳ್ಳಾರಿಯ ಕಥೆ ಇನ್ನೂ ತೊಡಕು. 1953ರವರೆಗೆ ಅದು ಮದ್ರಾಸಿನದು. ರಾಯಚೂರು 1956ರವರೆಗೆ ಹೈದರಾಬಾದಿನದು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. 2011ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು 24.5 ಲಕ್ಷ ಅಂತ ಇದೆ. ಅದರಲ್ಲಿ ಹೊಸಪೇಟೆ, ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಜನರೂ ಸೇರಿದ್ದಾರೆ. ಅರ್ಥಶಾಸ್ತ್ರ, ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಈ ಅಂಕಿಯನ್ನು ಇಂದಿನ ಬಳ್ಳಾರಿ ಜಿಲ್ಲೆಗೆ ಹಚ್ಚಿ ಬರೆಯುತ್ತಾರೆ. ಅಂಕಿಯ ಪಕ್ಕ "2011ರ ಜನಗಣತಿ, ಅಂದಿನ ಗಡಿಯಂತೆ" ಅಂತ ನಾಲ್ಕು ಪದ ಹಾಕಿದರೆ ಸಾಕಿತ್ತು.

ಸರಿ, ಈಗ ಬರವಣಿಗೆಗೆ ಬರೋಣ. ನಿಮ್ಮ 34ರಲ್ಲಿ ದೊಡ್ಡ ಪಾಲು ಎಲ್ಲಿಂದ ಬಂದಿರಬೇಕು ಅಂತ ನಾನು ಊಹಿಸಬಲ್ಲೆ. ಪುಸ್ತಕ ಎದುರಿಗೆ ತೆರೆದಿಟ್ಟುಕೊಂಡು, ಒಂದೊಂದು ಪದ ಬದಲಿಸುತ್ತಾ ಟೈಪ್ ಮಾಡಿರುತ್ತೀರಿ. ಒಂದು ಉದಾಹರಣೆ ಕೊಡುತ್ತೇನೆ. ಮೂಲದ ಸಾಲುಗಳನ್ನು ನಾನೇ ಕಟ್ಟಿದ್ದೇನೆ, ಯಾರ ಪುಸ್ತಕದ್ದೂ ಅಲ್ಲ. ಒಂದು ಪುಸ್ತಕದಲ್ಲಿ ಹೀಗಿದೆ ಅನ್ನಿ (ಪಾಠ ಅಂದರೆ ಇಲ್ಲಿ ಶಾಸನದಲ್ಲಿ ಬರೆದಿರುವ ಮಾತು):

"ಗವಿಮಠದ ಶಾಸನದ ಅಕ್ಷರಗಳು ಸ್ಪಷ್ಟವಾಗಿ ಉಳಿದಿವೆ. ಆದರೆ ಪಾಲ್ಕಿಗುಂಡಿನ ಶಾಸನ ಬಹಳ ಸವೆದಿದ್ದು, ಕೆಲವು ಪದಗಳನ್ನಷ್ಟೇ ಓದಲು ಸಾಧ್ಯ. ಉಳಿದ ಪದಗಳಿಂದ ಎರಡರ ಪಾಠವೂ ಒಂದೇ ಎಂದು ತಿಳಿಯುತ್ತದೆ."

ವಿದ್ಯಾರ್ಥಿ ಹೀಗೆ ಬರೆಯುತ್ತಾನೆ: "ಗವಿಮಠ ಶಾಸನದ ಲಿಪಿಯು ಸುಸ್ಪಷ್ಟವಾಗಿ ಉಳಿದುಬಂದಿದೆ. ಆದರೆ ಪಾಲ್ಕಿಗುಂಡು ಶಾಸನವು ತುಂಬಾ ಸವೆದಿದ್ದು, ಕೆಲವೇ ಶಬ್ದಗಳನ್ನು ಓದಬಹುದು. ಉಳಿದಿರುವ ಶಬ್ದಗಳಿಂದ ಎರಡರ ಪಾಠವೂ ಒಂದೇ ಎಂದು ತಿಳಿದುಬರುತ್ತದೆ."

ಇದು ಅವನ ಬರವಣಿಗೆ ಅಲ್ಲ. ಅಂಗಿಯ ಗುಂಡಿ ಬದಲಿಸಿದರೆ ಅಂಗಿ ನಮ್ಮದಾಗುವುದಿಲ್ಲ. ವಾಕ್ಯದ ಸಾಲು ಅದೇ, ವಾದದ ಹೆಜ್ಜೆ ಅದೇ. ಇದರ ಕೊನೆಗೆ ಆವರಣದಲ್ಲಿ ಲೇಖಕರ ಹೆಸರು ಹಾಕಿದರೂ ಅರ್ಧ ತಪ್ಪು ಉಳಿಯುತ್ತದೆ. ಯಾಕಂದರೆ ಉದ್ಧರಣ ಚಿಹ್ನೆ ಇಲ್ಲದಿದ್ದಾಗ ವಿಷಯ ಅವರದು, ಮಾತು ನನ್ನದು ಅಂತ ನಾವು ಹೇಳಿದ ಹಾಗೆ. ಇಲ್ಲಿ ಮಾತೂ ಅವರದೇ.

ಈಗ ಪುಸ್ತಕ ಮುಚ್ಚಿಡಿ. ಹತ್ತು ನಿಮಿಷ ಬಿಡಿ. ಈ ವಿಷಯ ನನ್ನ ಅಧ್ಯಾಯಕ್ಕೆ ಯಾಕೆ ಬೇಕು ಅಂತ ಕೇಳಿಕೊಂಡು ಬರೆಯಿರಿ. ಬಹುಶಃ ಹೀಗೆ ಬರುತ್ತದೆ: "ಪಾಲ್ಕಿಗುಂಡಿನಲ್ಲಿ ಇಂದು ಓದಲು ಸಿಗುವುದು ಅಲ್ಲೊಂದು ಇಲ್ಲೊಂದು ಪದ. ಅವನ್ನು ಗವಿಮಠದ ಪಾಠದ ಪಕ್ಕ ಇಟ್ಟು ನೋಡಿದಾಗಲೇ ಇದೂ ಅದೇ ಶಾಸನ ಎಂದು ಗೊತ್ತಾಗುತ್ತದೆ (ಇಂಥವರು, ಇಂಥ ವರ್ಷ, ಪುಟ ಇಷ್ಟು). ಹಾಗಾಗಿ ಪಾಠದ ಚರ್ಚೆಗೆ ಈ ಅಧ್ಯಾಯದಲ್ಲಿ ಗವಿಮಠವನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ."

ವ್ಯತ್ಯಾಸ ಕಾಣಿಸಿತಲ್ವಾ? ಕೊನೆಯ ವಾಕ್ಯ ನೋಡಿ. ಅದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಅದು ನಿಮ್ಮ ತೀರ್ಮಾನ. ಒಬ್ಬರಿಂದ ತೆಗೆದುಕೊಂಡ ವಿಷಯದ ಬೆನ್ನಿಗೆ ನಿಮ್ಮದೊಂದು ವಾಕ್ಯ ಬರದಿದ್ದರೆ, ಆ ವಿಷಯ ನಿಮ್ಮ ಪ್ರಬಂಧಕ್ಕೆ ಬೇಕಾಗಿಯೇ ಇಲ್ಲ ಅಂತ ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಇದೊಂದನ್ನು ಪಾಲಿಸಿದರೆ ನಿಮ್ಮ 80 ಪುಟ 55 ಆಗಬಹುದು. ಆಗಲಿ ಬಿಡಿ. 55 ಪುಟದ ಒಳ್ಳೆಯ ಪ್ರಬಂಧ ಓದಲು ಎಲ್ಲರಿಗೂ ಇಷ್ಟ.

ನೇರ ಉದ್ಧರಣ ಯಾವಾಗ ಬೇಕು? ಆ ಮಾತಿನ ಪದಗಳೇ ಮುಖ್ಯವಾದಾಗ. ಶಾಸನದ ಪಾಠ, ಕಾನೂನಿನ ಸಾಲು, ನೀವು ಒಪ್ಪದ ವಾದ, ಇವನ್ನು ಅವರ ಮಾತಿನಲ್ಲೇ ಕೊಡಿ. ಒಂದು ಅಕ್ಷರವೂ ಬದಲಾಗಬಾರದು. ನಡುವೆ ಬಿಟ್ಟರೆ ಮೂರು ಚುಕ್ಕಿ ಹಾಕಿ. ಮಿಕ್ಕ ಮಾಹಿತಿಯನ್ನು ನಿಮ್ಮ ಮಾತಿನಲ್ಲೇ ಹೇಳಿ. ಸತತ 14 ಪದಗಳವರೆಗಿನ ಕಾಕತಾಳೀಯ ಹೋಲಿಕೆಯನ್ನು ನಿಯಮ ಬಿಟ್ಟುಕೊಡುತ್ತದೆ. ಆದರೆ ಕನ್ನಡದಲ್ಲಿ 14 ಪದ ಅಂದರೆ ಕಡಿಮೆಯಲ್ಲ. ನಮ್ಮ ಪದಗಳು ಉದ್ದ, ಅಷ್ಟರಲ್ಲಿ ಎರಡು ವಾಕ್ಯ ಮುಗಿದಿರುತ್ತವೆ. ಆ ಅಂಕಿಯನ್ನು ನಂಬಿ ಕೂರಬೇಡಿ.

ಇಂಗ್ಲಿಷ್‌ನಿಂದ ಅನುವಾದ ಮಾಡಿ ಹಾಕುವವರಿಗೂ ಒಂದು ಮಾತು. ಸಾಫ್ಟ್‌ವೇರ್‌ಗೆ ಅದು ಸಿಗದೇ ಹೋಗಬಹುದು. ಆದರೆ ಇನ್ನೊಬ್ಬರ ಪ್ಯಾರಾವನ್ನು ಕನ್ನಡಕ್ಕೆ ತಿರುಗಿಸಿದರೆ ಅದು ಅವರ ಪ್ಯಾರಾನೇ. ಪರೀಕ್ಷಕರಿಗೆ ಅದು ಮೊದಲ ಪುಟದಲ್ಲೇ ತಿಳಿಯುತ್ತದೆ. "ಎಂಬುದನ್ನು ಗಮನಿಸುವುದು ಮುಖ್ಯವಾಗಿದೆ" ಅಂತ ನಮ್ಮ ಕಡೆ ಯಾರು ಮಾತಾಡುತ್ತಾರೆ? ಅನುವಾದ ಬೇಕೇ ಬೇಕಾದರೆ ಉದ್ಧರಣ ಚಿಹ್ನೆ ಹಾಕಿ, "ಅನುವಾದ ನನ್ನದು" ಅಂತ ಬರೆದುಬಿಡಿ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ತಪ್ಪು ನಡೆಯುವುದು ಬರೆಯುವಾಗ ಅಲ್ಲ, ಟಿಪ್ಪಣಿ ಮಾಡಿಕೊಳ್ಳುವಾಗ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಪಿಎಚ್.ಡಿ. ದಿನಗಳಲ್ಲಿ ಒಂದು ಒಳ್ಳೆಯ ವಾಕ್ಯ ಬರೆದುಕೊಂಡಿದ್ದೆ, ಪುಸ್ತಕದ ಹೆಸರೂ ಇತ್ತು. ಪುಟ ಸಂಖ್ಯೆ ಇರಲಿಲ್ಲ. ಆ ಪುಸ್ತಕ ಬಳ್ಳಾರಿಯಲ್ಲಿ ಸಿಗಲಿಲ್ಲ. ಒಂದು ಪುಟ ಸಂಖ್ಯೆಗಾಗಿ ರಾತ್ರಿ ಬಸ್ಸು ಹಿಡಿದು ಧಾರವಾಡಕ್ಕೆ ಹೋಗಿ, ಇಡೀ ದಿನ ಗ್ರಂಥಾಲಯದಲ್ಲಿ ಕೂತು ಹುಡುಕಿದೆ. ಸಿಕ್ಕಾಗ ನೋಡಿದರೆ ನನ್ನ ಟಿಪ್ಪಣಿಯ ಎರಡನೇ ವಾಕ್ಯ ಆ ಲೇಖಕರದ್ದೇ ಅಲ್ಲ, ನಾನೇ ಯೋಚಿಸಿ ಪಕ್ಕದಲ್ಲಿ ಬರೆದದ್ದು. ಎರಡನ್ನೂ ಒಂದೇ ಶಾಯಿಯಲ್ಲಿ ಬರೆದಿದ್ದರಿಂದ ವರ್ಷದ ಮೇಲೆ ನನಗೇ ಗುರುತು ಸಿಕ್ಕಿರಲಿಲ್ಲ. ನನ್ನ ಮಾತನ್ನು ಅವರ ಬಾಯಿಗೆ ಹಾಕಲು ಹೊರಟಿದ್ದೆ.

ಅಂದಿನಿಂದ ನಾನು ಎರಡು ಬಣ್ಣ ಬಳಸುತ್ತೇನೆ. ಪುಸ್ತಕದ ಮಾತು ನೀಲಿ, ಉದ್ಧರಣ ಚಿಹ್ನೆಯೊಳಗೆ. ನನ್ನ ಮಾತು ಪೆನ್ಸಿಲ್‌ನಲ್ಲಿ. ಚೀಟಿಯ ಮೇಲ್ಗಡೆ ಮೊದಲೇ ಲೇಖಕ, ಕೃತಿ, ಮುದ್ರಣ ವರ್ಷ, ಪುಟ. ಇವು ನಾಲ್ಕೂ ಬರೆಯದೆ ಒಳಗಿನ ಒಂದು ಪದವನ್ನೂ ಬರೆದುಕೊಳ್ಳುವುದಿಲ್ಲ. ನೀವು ಮೊಬೈಲ್‌ನಲ್ಲಿ ಪುಟದ ಫೋಟೋ ತೆಗೆಯುತ್ತೀರಲ್ಲ, ಅದೂ ಒಳ್ಳೆಯದೇ. ಆದರೆ ಮೊದಲ ಫೋಟೋ ಶೀರ್ಷಿಕೆ ಪುಟದ್ದು, ಎರಡನೆಯದು ಅದರ ಹಿಂದಿನ ಮುದ್ರಣ ವಿವರದ್ದು ಆಗಿರಲಿ. ಆಮೇಲೆ ಒಳಗಿನ ಪುಟ. ತಿಂಗಳಾದ ಮೇಲೆ ಗ್ಯಾಲರಿಯಲ್ಲಿ ಪುಟ 112 ಅಂತ ಒಂದು ಚಿತ್ರ ಕಾಣಿಸಿದರೆ ಅದು ಯಾವ ಪುಸ್ತಕದ್ದು ಅಂತ ದೇವರೂ ಹೇಳಲಾರ.

ಮುಂದಿನದು ಪರೋಕ್ಷ ಆಕರ, ಅಂದರೆ ಒಬ್ಬರ ಮಾತನ್ನು ಇನ್ನೊಬ್ಬರ ಪುಸ್ತಕದಲ್ಲಿ ಓದಿ ಬರೆಯುವುದು. ನಮ್ಮ ಭಾಗದ ಇತಿಹಾಸದಲ್ಲಿ ಜಾಸ್ತಿ ಎಡವುವುದು ಇಲ್ಲೇ. ಕೃಷ್ಣದೇವರಾಯನಿಗೂ ಬಿಜಾಪುರದ ಸುಲ್ತಾನನಿಗೂ ನಡೆದ ರಾಯಚೂರು ಯುದ್ಧವನ್ನೇ ನೋಡಿ. ನಮ್ಮ ಪ್ರಬಂಧಗಳಲ್ಲಿ "ನೂನಿಜ್ ಹೇಳುವಂತೆ" ಅಂತ ಧೈರ್ಯವಾಗಿ ಬರೆಯುತ್ತಾರೆ. ವಿಜಯನಗರಕ್ಕೆ ಬಂದಿದ್ದ ಈ ನೂನಿಜ್ ಬರೆದದ್ದು ಪೋರ್ಚುಗೀಸ್ ಭಾಷೆಯಲ್ಲಿ. ಅದನ್ನು ಡೇವಿಡ್ ಲೋಪೆಸ್ 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚು ಹಾಕಿಸಿದ. ರಾಬರ್ಟ್ ಸೆವೆಲ್ ಅದನ್ನು ಇಂಗ್ಲಿಷ್‌ಗೆ ತಂದು 1900ರಲ್ಲಿ ತನ್ನ ಪುಸ್ತಕದಲ್ಲಿ ಸೇರಿಸಿದ. ಅದನ್ನು ಓದಿ ಯಾರೋ ಕನ್ನಡದಲ್ಲಿ ಬರೆದರು. ವಿದ್ಯಾರ್ಥಿ ಓದಿದ್ದು ಆ ಕನ್ನಡ ಪುಸ್ತಕ ಮಾತ್ರ. ನಡುವಿನ ಮೂರು ಕೈಗಳು ಪ್ರಬಂಧದಲ್ಲಿ ಮಾಯ!

ಇದರಿಂದ ಏನು ನಷ್ಟ ಅಂತೀರಾ? ನೂನಿಜ್ ಆ ಯುದ್ಧ 1522ರ ಮೇ ತಿಂಗಳಲ್ಲಿ, ಅಮಾವಾಸ್ಯೆಯ ಶನಿವಾರ ನಡೆಯಿತು ಎನ್ನುತ್ತಾನೆ. ಸೆವೆಲ್ ವಾರ, ಅಮಾವಾಸ್ಯೆ ಎರಡನ್ನೂ ಲೆಕ್ಕ ಹಾಕಿ, 1522ಕ್ಕೆ ಇವು ಹೊಂದುವುದಿಲ್ಲ, 1520ರ ಮೇ 19 ಆಗಿರಬೇಕು ಎಂದು ವಾದಿಸಿದ. ನಾವು ಇಂದು ಹೇಳುವ 1520 ಬಂದದ್ದು ಆ ದಾರಿಯಲ್ಲಿ. ಈಗ ಒಬ್ಬ ವಿದ್ಯಾರ್ಥಿ "1520ರಲ್ಲಿ ಯುದ್ಧ ನಡೆಯಿತು ಎಂದು ನೂನಿಜ್ ಹೇಳುತ್ತಾನೆ" ಅಂತ ಬರೆದರೆ, ಸೆವೆಲ್‌ನ ಕೆಲಸ ನೂನಿಜ್ ಪಾಲಾಯಿತು. ಸರಿಯಾದ ಬರಹ ಹೀಗಿರುತ್ತದೆ: ನೂನಿಜ್ 1522 ಎನ್ನುತ್ತಾನೆ, ಅದನ್ನು ಸೆವೆಲ್ 1520 ಎಂದು ತಿದ್ದುತ್ತಾನೆ, ಇದನ್ನು ನಾನು ಇಂಥ ಪುಸ್ತಕದಲ್ಲಿ ಓದಿದೆ. ನೀವು ಸೆವೆಲ್‌ನನ್ನೇ ಓದಿದ್ದರೆ ಆ ಕೊನೆಯ ಭಾಗ ಬೇಕಿಲ್ಲ. ಓದಿಲ್ಲದಿದ್ದರೆ "ಸೆವೆಲ್, ಉಲ್ಲೇಖ: ಇಂಥವರು, ವರ್ಷ, ಪುಟ" ಎಂದು ಬರೆಯಿರಿ. ನಿಮ್ಮ ಕೈಯಲ್ಲಿ ಇದ್ದ ಪುಸ್ತಕ ಯಾವುದೋ ಅದನ್ನೇ ಪಟ್ಟಿಗೆ ಹಾಕಿ. ಬೇರೆಯವರ ಅಡಿಟಿಪ್ಪಣಿಯಿಂದ ಆಕರ ಎತ್ತಿ, ತಾನೇ ನೋಡಿದ ಹಾಗೆ ಹಾಕುವುದು ನಮ್ಮಲ್ಲಿ ಎಷ್ಟು ಸಾಮಾನ್ಯ ಆಗಿದೆ ಅಂದರೆ, ಅದು ತಪ್ಪು ಅಂತಲೂ ಅನೇಕರಿಗೆ ಅನ್ನಿಸುವುದಿಲ್ಲ. ಒಬ್ಬರ ಮುದ್ರಣ ದೋಷ ಹತ್ತು ಪ್ರಬಂಧಗಳಲ್ಲಿ ಅದೇ ತಪ್ಪು ಪುಟ ಸಂಖ್ಯೆಯಾಗಿ ಮುಂದುವರಿಯುತ್ತದೆ. ನಿಮ್ಮ 42ರಲ್ಲಿ ಇಂಥವು ಎಷ್ಟಿವೆ, ನೀವೇ ನೋಡಿಕೊಳ್ಳಿ.

ನಿಮ್ಮ ವಿಷಯಕ್ಕೆ ಮೂಲ ಆಕರ ಕೈಗೆ ಸಿಗುವಂಥದ್ದೇ. ಗವಿಮಠ, ಪಾಲ್ಕಿಗುಂಡು ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಆರ್.ಎಲ್. ಟರ್ನರ್ 1932ರಲ್ಲೇ ಅವುಗಳ ಪಾಠ ಪ್ರಕಟಿಸಿದರು. ಹೈದರಾಬಾದ್ ಪುರಾತತ್ವ ಮಾಲೆಯ 10ನೇ ಪುಸ್ತಕ ಅದು. ಮಸ್ಕಿಯ ಶಾಸನ ಅದೇ ಮಾಲೆಯ 1ನೇ ಪುಸ್ತಕ, ಸಂಪಾದಿಸಿದವರು ಎಚ್. ಕೃಷ್ಣಶಾಸ್ತ್ರಿ. ಇವೆರಡನ್ನೂ ಓದಿ. ಆಮೇಲೆ ಮಿಕ್ಕವರ ಮಾತು ಹಿಡಿಯಿರಿ. ಬಳ್ಳಾರಿ ಕಡೆಯ ಶಾಸನಗಳ ಬಗ್ಗೆ ಬರೆಯುವವರು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 9ನೇ ಸಂಪುಟದಿಂದ ಶುರು ಮಾಡಬೇಕು. ಆಗ ಬಳ್ಳಾರಿ ಮದ್ರಾಸಿನಲ್ಲಿತ್ತಲ್ಲ, ಅದಕ್ಕೇ ಆ ಮಾಲೆಯಲ್ಲಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿದೆ, ಕನ್ನಡದಲ್ಲಿ ಬರೆಯುವವರಿಗೆ ಅವು ಹತ್ತಿರದ ಆಸರೆ. ಶಾಸನಕ್ಕೆ ಪುಟ ಸಂಖ್ಯೆ ಮಾತ್ರ ಸಾಲದು. ಸಂಪುಟ, ಶಾಸನದ ಸಂಖ್ಯೆ, ಸಾಲು, ಮೂರೂ ಹೇಳಿ.

ಹುಡುಕುವಾಗ ಹಳೆಯ ಕಾಗುಣಿತಗಳನ್ನೂ ಹಾಕಿ. Bellary ಎಂಬ ಇಂಗ್ಲಿಷ್ ಬರವಣಿಗೆ 2014ರ ನವೆಂಬರ್ 1ರಂದು Ballari ಆಯಿತು. ಕೊಪ್ಪಳವನ್ನು ಹಳೆಯ ಪ್ರಕಟಣೆಗಳಲ್ಲಿ ಕೊಪ್ಬಾಳ್ (Kopbal) ಅಂತ ಬರೆಯುತ್ತಿದ್ದರು. ಆ ಹೆಸರು ಹಾಕದೆ ಹುಡುಕಿದರೆ ಅರ್ಧ ಆಕರಗಳು ಕಣ್ಣಿಗೇ ಬೀಳುವುದಿಲ್ಲ. ಪಟ್ಟಿಯಲ್ಲಿ ಮಾತ್ರ ಶೀರ್ಷಿಕೆಯನ್ನು ಮುದ್ರಣದಲ್ಲಿ ಇದ್ದ ಹಾಗೇ ಬರೆಯಿರಿ, ಇಂದಿನ ಹೆಸರಿಗೆ ತಿದ್ದಬೇಡಿ.

ಕನ್ನಡದಲ್ಲಿ ಒಂದು ಕ್ರಮ ಇದೆಯಾ ಅಂತ ಕೇಳಿದಿರಿ. ಎಲ್ಲರೂ ಒಪ್ಪಿದ ಒಂದೇ ಕ್ರಮ ಇಲ್ಲ. ಸಮಾಜ ವಿಜ್ಞಾನದಲ್ಲಿ ಎಪಿಎ, ಸಾಹಿತ್ಯದಲ್ಲಿ ಎಂಎಲ್ಎ, ಇತಿಹಾಸದಲ್ಲಿ ಅಡಿಟಿಪ್ಪಣಿಯ ಷಿಕಾಗೊ, ವೈದ್ಯಕೀಯದಲ್ಲಿ ಅಂಕಿ ಹಾಕುವ ವ್ಯಾಂಕೂವರ್ ನಡೆಯುತ್ತವೆ. ನಿಮ್ಮ ವಿಭಾಗದ ಕೈಪಿಡಿ ಏನು ಹೇಳುತ್ತದೋ ಅದನ್ನು ಹಿಡಿಯಿರಿ. ಏನೂ ಹೇಳದಿದ್ದರೆ ಒಂದನ್ನು ಆರಿಸಿ, ಮೊದಲ ಪುಟದಿಂದ ಕೊನೆಯವರೆಗೆ ಅದನ್ನೇ ನಡೆಸಿ. ಅಲ್ಪವಿರಾಮ ಎಲ್ಲಿ, ಚುಕ್ಕಿ ಎಲ್ಲಿ ಅಂತ ಜಗಳ ಆಡುವವರು ಇದ್ದಾರೆ. ನನಗೆ ಅದು ದೊಡ್ಡದಲ್ಲ. ಓದುಗ ಆ ಪುಟ ತಲುಪಬೇಕು, ಅದು ದೊಡ್ಡದು.

ಆದರೆ ಕನ್ನಡಕ್ಕೇ ವಿಶೇಷವಾದ ಒಂದೆರಡು ತೊಡಕು ಇವೆ. ಒಂದು ಹೆಸರಿನದು. ಈ ಪದ್ಧತಿಗಳೆಲ್ಲ ಅಡ್ಡಹೆಸರು ಮುಂದೆ ಬರಲಿ ಅನ್ನುತ್ತವೆ. ಎಂ.ಎಂ. ಕಲಬುರ್ಗಿ ಅವರಿಗೆ ಇದು ಸುಲಭ, ಕಲಬುರ್ಗಿ ಅಡ್ಡಹೆಸರು, ಕ ಅಕ್ಷರದ ಕೆಳಗೆ ಹೋಗುತ್ತದೆ. ಎಂ. ಚಿದಾನಂದಮೂರ್ತಿ ಅವರ ಹೆಸರನ್ನು ಅದೇ ಲೆಕ್ಕದಲ್ಲಿ ಮುರಿದು "ಮೂರ್ತಿ, ಎಂ. ಚಿದಾನಂದ" ಅಂತ ಬರೆದರೆ ಅಂಥ ಲೇಖಕರೇ ಇಲ್ಲ! ಚಿದಾನಂದಮೂರ್ತಿ ಪೂರ್ತಿ ಅವರ ಹೆಸರು. ಅದು ಚ ಕೆಳಗೆ ಬರಬೇಕು. ಕಾವ್ಯನಾಮ ಇದ್ದರೆ ಶೀರ್ಷಿಕೆ ಪುಟದಲ್ಲಿ ಏನಿದೆಯೋ ಅದೇ. ಕುವೆಂಪು ಅಂತ ಇದ್ದರೆ ಕುವೆಂಪು. ಕನ್ನಡ ಪುಸ್ತಕಗಳು, ಇಂಗ್ಲಿಷ್ ಪುಸ್ತಕಗಳು ಬೇರೆ ಬೇರೆ ಪಟ್ಟಿಯಲ್ಲಿರಲಿ, ಅಕ್ಷರಕ್ರಮ ಕೆಡುವುದಿಲ್ಲ.

ಎರಡನೆಯದು "ಸಂ." ಎಂಬ ಒಂದಕ್ಷರ. ಅದು ಸಂಪಾದಕರಾ, ಸಂಪುಟವಾ, ಸಂಚಿಕೆಯಾ? ನಮ್ಮ ಪ್ರಬಂಧಗಳಲ್ಲಿ ಮೂರಕ್ಕೂ ಅದೇ. "ಸಂ. 4, ಸಂ. 2" ಅಂತ ನೋಡಿದಾಗ ತಲೆ ಕೆಡುತ್ತದೆ. ಪೂರ್ತಿ ಪದ ಬರೆಯಿರಿ, ಹಾಳೆ ಮುಗಿದು ಹೋಗುವುದಿಲ್ಲ. ಅಡಿಟಿಪ್ಪಣಿಯಲ್ಲಿ ಪುಸ್ತಕದ ಹೆಸರಿನ ಬದಲು ಹಾಕುವ "ಅದೇ" (ಮೇಲಿನ ಪುಸ್ತಕವೇ), "ಪೂರ್ವೋಕ್ತ" (ಹಿಂದೆ ಹೇಳಿದ್ದು) ಎಂಬವನ್ನೂ ಎಚ್ಚರದಿಂದ ಬಳಸಿ. ತಿದ್ದುವಾಗ ನಡುವೆ ಒಂದು ಹೊಸ ಅಡಿಟಿಪ್ಪಣಿ ಸೇರಿಸಿದಿರಿ ಅನ್ನಿ, ಕೆಳಗಿನ "ಅದೇ" ಬೇರೆ ಪುಸ್ತಕಕ್ಕೆ ಅಂಟಿಕೊಳ್ಳುತ್ತದೆ. ಕರಡು ಮುಗಿಯುವವರೆಗೆ ಲೇಖಕ, ವರ್ಷ, ಪುಟ ಅಂತಲೇ ಇಡಿ. ಮರುಮುದ್ರಣವಾದರೆ ಮೊದಲ ಮುದ್ರಣದ ವರ್ಷವನ್ನೂ ಹೇಳಿ. ಮಸ್ಕಿಯ ವಿಷಯದಲ್ಲಿ ಅದು ಯಾಕೆ ಬೇಕು ಅಂತ ಆಗಲೇ ನೋಡಿದೆವು.

ಟೈಪ್ ಮಾಡುವುದನ್ನು ಯುನಿಕೋಡ್‌ನಲ್ಲೇ ಮಾಡಿ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿಸಿದ ಪ್ರಬಂಧದಲ್ಲಿ ಒಂದು ಪದ ಹುಡುಕಲೂ ಕಷ್ಟ, ಅಕ್ಷರಕ್ರಮಕ್ಕೆ ಜೋಡಿಸಲೂ ಆಗುವುದಿಲ್ಲ. ಜೊಟೆರೊ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಪುಸ್ತಕದ ವಿವರ ಒಮ್ಮೆ ತುಂಬಿದರೆ ಉಲ್ಲೇಖ, ಪಟ್ಟಿ ಎರಡನ್ನೂ ಅದೇ ಮಾಡಿಕೊಡುತ್ತದೆ. ಯುನಿಕೋಡ್ ಕನ್ನಡ ಅದಕ್ಕೆ ಗೊತ್ತಾಗುತ್ತದೆ. ಆದರೆ ಮೇಲೆ ಹೇಳಿದ ಹೆಸರಿನ ವಿಷಯ ಅದಕ್ಕೆ ತಿಳಿಯದು. ಲೇಖಕರ ಹೆಸರನ್ನು ಒಂದೇ ಖಾನೆಯಲ್ಲಿ ಪೂರ್ತಿ ತುಂಬುವ ಆಯ್ಕೆ ಇದೆ, ಅದನ್ನು ಬಳಸಿ.

ಚಾಟ್‌ಜಿಪಿಟಿ ಥರದವನ್ನು ಆಕರ ಕೇಳಲು ಹೋಗಬೇಡಿ. ಕೇಳಿದರೆ ಕೊಡುತ್ತದೆ, ಚೆನ್ನಾಗಿಯೇ ಕೊಡುತ್ತದೆ. ನಿಜವಾದ ಲೇಖಕರ ಹೆಸರಿಗೆ ಅವರು ಬರೆಯದ ಪುಸ್ತಕ, ಇಲ್ಲದ ಪುಟ ಅಂಟಿಸಿ ಕೊಡುವುದೂ ಉಂಟು. ಕನ್ನಡ ಪುಸ್ತಕಗಳ ವಿಷಯದಲ್ಲಂತೂ ಒಂದೊಂದನ್ನೂ ಗ್ರಂಥಾಲಯದಲ್ಲಿ ನೋಡದೆ ನಂಬಬಾರದು. ವಿಕಿಪೀಡಿಯ ನೋಡಬೇಡಿ ಅನ್ನುವುದಿಲ್ಲ. ಅಲ್ಲಿ ಕೆಳಗೆ ಕೊಟ್ಟ ಆಕರ ಹಿಡಿದು ಮುಂದೆ ಹೋಗಿ, ಅದನ್ನು ಓದಿ, ಓದಿದ್ದನ್ನು ಉಲ್ಲೇಖಿಸಿ. ಬೇರೆಯವರ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಧ್ಯಾಯ ಹೇಗೆ ಕಟ್ಟುತ್ತಾರೆ ಅಂತ ನೋಡಲು ಒಳ್ಳೆಯದು. ಅಲ್ಲಿಂದ ಎತ್ತಿದರೆ ಸಾಫ್ಟ್‌ವೇರ್‌ಗೆ ಮೊದಲು ಸಿಗುವುದೂ ಅದೇ.

ಇನ್ನು ತಿದ್ದುವ ಕೆಲಸ. ವರದಿಯನ್ನು ಅಚ್ಚು ಮಾಡಿಸಿಕೊಳ್ಳಿ. ಬಣ್ಣ ಬಂದ ಒಂದೊಂದು ತುಣುಕಿನ ಪಕ್ಕ ಬರೆಯಿರಿ: ಇದು ಉದ್ಧರಣವಾಗಿ ಉಳಿಯಬೇಕಾ, ನನ್ನ ಮಾತಿನಲ್ಲಿ ಬರಬೇಕಾ, ತೆಗೆದೇ ಹಾಕಬೇಕಾ? ತೆಗೆಯುವುದಕ್ಕೆ ಹಿಂಜರಿಯಬೇಡಿ. ಅಶೋಕನ ಬಾಲ್ಯ, ಕಳಿಂಗ ಯುದ್ಧ ಅಂತ ಮೊದಲ ಅಧ್ಯಾಯದಲ್ಲಿ ಹತ್ತು ಹದಿನೈದು ಪುಟ ತುಂಬಿಸಿರುತ್ತೀರಿ. ಎಲ್ಲರಿಗೂ ಗೊತ್ತಿರುವ ವಿಷಯ ಬರೆಯುವಲ್ಲೇ ನಕಲು ಜಾಸ್ತಿ, ಯಾಕಂದರೆ ಅಲ್ಲಿ ನಮಗೆ ಹೇಳಲು ಸ್ವಂತದ್ದು ಏನೂ ಇರುವುದಿಲ್ಲ. ಅದನ್ನು ಎರಡು ಪುಟಕ್ಕೆ ಇಳಿಸಿ. ನಂತರ 42ರ ಪಟ್ಟಿ ಹಿಡಿದು, ಪಠ್ಯದೊಳಗೆ ಒಮ್ಮೆಯೂ ಬರದ ಪುಸ್ತಕಗಳನ್ನು ಹೊಡೆದು ಹಾಕಿ.

ಮಿಕ್ಕ ಸಮಯವನ್ನು ಬೆಟ್ಟಕ್ಕೆ ಕೊಡಿ. ಗಂಗಾವತಿಯಿಂದ ಕೊಪ್ಪಳ ದೂರವೇನಲ್ಲ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಬಂಡೆ ಕಾಯುತ್ತದೆ. ಗವಿಮಠದ ಕಲ್ಲನ್ನು ಮೊದಲು ನೋಡಿ, ಆ ಮೇಲೆ ಪಾಲ್ಕಿಗುಂಡು ಹತ್ತಿ. ಟರ್ನರ್ ಕೊಟ್ಟ ಪಾಠದ ಪ್ರತಿ ಕೈಯಲ್ಲಿರಲಿ. 1932ರಲ್ಲಿ ಅವರು ಓದಿದ ಯಾವ ಯಾವ ಅಕ್ಷರ ಇಂದು ನಿಮ್ಮ ಕಣ್ಣಿಗೆ ಕಾಣಿಸುತ್ತದೆ, ಯಾವುದು ಕಾಣಿಸುವುದಿಲ್ಲ ಅಂತ ಸಾಲು ಸಾಲಾಗಿ ಗುರುತು ಮಾಡಿಕೊಳ್ಳಿ. ಕಲ್ಲನ್ನು ಮುಟ್ಟಬೇಡಿ, ಸುಣ್ಣ ಗಿಣ್ಣ ಹಚ್ಚಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೋ ತೆಗೆಯಿರಿ. ಅಲ್ಲಿನ ಹಿರಿಯರು ಏನಾದರೂ ಕಥೆ ಹೇಳಿದರೆ, ಅವರ ಒಪ್ಪಿಗೆ ಕೇಳಿ, ಹೆಸರು, ಊರು, ಮಾತಾಡಿದ ದಿನಾಂಕ ಬರೆದುಕೊಳ್ಳಿ. ಅದೂ ಆಕರವೇ, ಅದಕ್ಕೂ ಉಲ್ಲೇಖ ಬೇಕು. ಫೋಟೋದ ಕೆಳಗೆ "ಕ್ಷೇತ್ರಕಾರ್ಯ, ಲೇಖಕ" ಅಂತ ಹಾಕಿ, ದಿನಾಂಕ ಬರೆಯಿರಿ. ಆ ಪುಟಕ್ಕೆ ಹೋಲಿಕೆ ಹುಡುಕಲು ಯಾವ ಸಾಫ್ಟ್‌ವೇರ್‌ಗೂ ಆಗುವುದಿಲ್ಲ.